ಷಡ್ಡಕನ ಅಳತೆಯ ಚೀಲ

ಹೊಟ್ಟೆಕಿಚ್ಚಿಗೆ ಔಷಧವಿಲ್ಲ ಎನ್ನುತ್ತಾರೆ. ಮಾವನ ಮನೆಯ ಗೋಡೆಯಲ್ಲಿ ಷಡ್ಡಕನ ಫೋಟೊ ತೂಗುತ್ತಿದ್ದರೆ ಪಥ್ಯವೂ ಇಲ್ಲ.

ನಮ್ಮ ಬೀದಿಯ ದರ್ಜಿಗೆ ಆದದ್ದು ಇದೇ. ಅವನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ವೈರಿಂಗ್ ಕೆಲಸದವನು. ರಜೆ ಸಿಕ್ಕಿತೆಂದರೆ ಮೋಟಾರ್‌ಸೈಕಲ್ ಹತ್ತಿ ಟಾರು ಕಾಣದ ದಾರಿ ಹಿಡಿಯುತ್ತಾನೆ. ಕಲ್ಲುಗುಡ್ಡದ ನೆತ್ತಿಯಲ್ಲಿ, ಮೈಯೆಲ್ಲ ಕೆಸರಾಗಿ, ಗಾಡಿಯ ಪಕ್ಕ ನಿಂತ ಅವನ ಫೋಟೊಗೆ ಜಾಗ ಮಾಡಲೆಂದು ದರ್ಜಿಯ ಮದುವೆ ಫೋಟೊ ಸ್ವಿಚ್‌ಬೋರ್ಡಿನ ಪಕ್ಕಕ್ಕೆ ಸರಿದಿತ್ತು.

“ಮುಖ ತೊಳ್ಕೊಂಡು ತೆಗೆಸ್ಕೋಬಹುದಿತ್ತು,” ಎಂದ ದರ್ಜಿ.

“ಹಾಗಿದ್ರೇನೇ ಕಳೆ,” ಎಂದರು ಅತ್ತೆ, ಗಾಜು ಒರೆಸುತ್ತ.

ದರ್ಜಿ ಅಲ್ಲೇ ಘೋಷಿಸಿಬಿಟ್ಟ: “ಬರೋ ಭಾನುವಾರ ಇವನ ಗುಂಪಿನ ಜೊತೆ ನಾನೂ ಹೋಗ್ತೀನಿ. ಅದೇ ಗುಡ್ಡ. ಮೂರು ದಿನ.”

“ಬನ್ನಿ ಭಾವ,” ಎಂದ ಅಲ್ಲೇ ಕೂತಿದ್ದ ಷಡ್ಡಕ, ಹೊರಟು ನಿಂತವರಿಗೆ ‘ಊಟ ಮಾಡ್ಕೊಂಡು ಹೋಗಿ’ ಎನ್ನುವ ದನಿಯಲ್ಲಿ.

ದರ್ಜಿ ಗಾಡಿ ಕೊಂಡು ಎರಡು ತಿಂಗಳಾಗಿತ್ತು. ಅದು ಕಂಡಿದ್ದ ಅತಿ ದುರ್ಗಮ ದಾರಿಯೆಂದರೆ ಮಾರುಕಟ್ಟೆಯ ಹಿಂದಿನ ಚರಂಡಿ ಗುಂಡಿ. ಆದರೂ ಅವನು ತಯಾರಿ ಮಾಡಿದ, ದರ್ಜಿಯಂತೆಯೇ ಮಾಡಿದ. ಷಡ್ಡಕ ಸ್ನಾನಕ್ಕೆ ಹೋದಾಗ ಕೊರಳಿನ ಟೇಪು ತೆಗೆದು ಅವನ ಗಾಡಿಯ ಎರಡೂ ಚೀಲಗಳ ಅಳತೆ ತೆಗೆದುಕೊಂಡ. ಅಂಗಡಿಗೆ ಬಂದು ದಪ್ಪ ಕ್ಯಾನ್ವಾಸಿನಲ್ಲಿ ಅಂಥವೇ ಎರಡು ಹೊಲಿದ. ಎಲ್ಲ ಕಡೆಯೂ ಒಂದಿಂಚು ಹೆಚ್ಚು.

ಚೀಲ ದೊಡ್ಡದಾದ ಮೇಲೆ ತುಂಬಬೇಕಲ್ಲ. ಡೇರೆ, ಒಲೆ, ಹಗ್ಗ, ಕೊಡಲಿ, ನಾಲ್ಕು ಜೊತೆ ಪ್ಯಾಂಟು.

“ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿತಂತೆ,” ಎಂದಳು ಹೆಂಡತಿ. “ಅಲ್ರೀ, ಕೈ ಮುರ್ಕೊಂಡ್ರೆ ಕತ್ತರಿ ಯಾರು ಹಿಡೀತಾರೆ? ನಿಮ್ಮ ಷಡ್ಡಕ ಬಂದು ಹಿಡೀತಾರಾ?”

ಗುರುವಾರ ಬೆಳಿಗ್ಗೆ ಚೈನಿಗೆ ಎಣ್ಣೆ ಹಾಕಿಸಲು ಅವನು ಗ್ಯಾರೇಜಿಗೆ ಹೋದ. ಅಲ್ಲಿನ ಮೆಕ್ಯಾನಿಕ್ಕನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಅಕ್ಕ ಚೀಲಗಳನ್ನು ನೋಡಿದಳು, ದರ್ಜಿಯನ್ನು ನೋಡಿದಳು.

“ಮನೆ ಖಾಲಿ ಮಾಡ್ತಿದೀರಾ, ಟೈಲರಣ್ಣ?”

ವಿಷಯ ಕೇಳಿದ ಮೇಲೆ ಅವನನ್ನು ಗ್ಯಾರೇಜಿನ ಹಿಂದಿನ ಬಯಲಿಗೆ ಕರೆದೊಯ್ದಳು. “ಗಾಡಿ ಆಫ್ ಮಾಡಿ, ಮೆತ್ತಗೆ ಮಲಗಿಸಿ. ಈಗ ಎತ್ತಿ.”

ದರ್ಜಿ ಹ್ಯಾಂಡಲ್ ಹಿಡಿದು ಬಗ್ಗಿ ಎಳೆದ. ಗಾಡಿ ಗೇಣೆತ್ತರ ಎದ್ದು ಮತ್ತೆ ಮಲಗಿತು. ಬಲಗೈ ಮಣಿಕಟ್ಟು ಚಳಕ್ ಎಂದಿತು. ಕತ್ತರಿ ಹಿಡಿಯುವ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ. ಅಂದು ಮೊದಲ ಬಾರಿಗೆ ಅವನಿಗೆ ಷಡ್ಡಕ ಮರೆತುಹೋದ. ಅರ್ಧ ನಿಮಿಷ.

“ಅವನು ಎತ್ತುತ್ತಾನಾ?” ಎಂದು ಕೇಳಿದ ಆಮೇಲೆ.

“ಎತ್ತುತ್ತಾರೆ. ಎರಡು ವರ್ಷದಿಂದ ಭಾನುವಾರ ಭಾನುವಾರ ಇದೇ ಬಯಲಲ್ಲಿ ಬಿದ್ದೂ ಎದ್ದೂ ಕಲಿತಿದ್ದಾರೆ. ಮೊದಲ ದಿನ ಹನ್ನೊಂದು ಸಲ ಬಿದ್ರು.”

“ಎಷ್ಟು ಸಲ?”

“ಹನ್ನೊಂದು.”

“ಇನ್ನೊಂದು ಸಲ ಹೇಳಿ.”

ಅಕ್ಕ ನಕ್ಕಳು. “ನಿಮ್ಮ ಅಂಗಡಿಗೆ ಒಬ್ಬ ಬಂದು ‘ನನ್ನ ಷಡ್ಡಕನ ಅಳತೆಗೆ ನನಗೊಂದು ಕೋಟು ಹೊಲೀರಿ’ ಅಂದ್ರೆ?”

“ಬುದ್ಧಿ ಹೇಳಿ ವಾಪಸ್ ಕಳಿಸ್ತೀನಿ,” ಎಂದ ದರ್ಜಿ. ಹೇಳಿದ ಮೇಲೆ ತನ್ನ ಚೀಲಗಳತ್ತ ನೋಡಿದ.

“ಕೇಳಿ ಹಾಗಾದ್ರೆ. ಹೊಸಬರಿಗೆ ಒಂದೇ ದಿನ, ಸಪಾಟು ಮಣ್ಣುದಾರಿ, ಜೊತೆಗೊಬ್ಬರು. ಹೆಲ್ಮೆಟ್ಟು, ಕೈಗವಸು, ಮಂಡಿಗೆ ಕವಚ, ಕಾಲಿನ ಹರಡು ಮುಚ್ಚೋ ಬೂಟು. ನೀರು. ಯಾವ ದಾರಿ, ಎಷ್ಟೊತ್ತಿಗೆ ವಾಪಸ್ಸು ಅಂತ ಮನೇಲಿ ಹೇಳಿರಬೇಕು. ಎದ್ದು ನಿಂತು ಓಡಿಸೋದು, ಜಾರೋ ಕಡೆ ಬ್ರೇಕ್ ಹಿಡಿಯೋದು ಇಲ್ಲೇ ಕಲೀರಿ. ಕೈ ಪಳಗಿದ ಮೇಲೆ ಎರಡು ದಿನದ ದಾರಿ, ಸ್ವಲ್ಪ ಮರಳು, ಸ್ವಲ್ಪ ನೀರು. ನೀರಿಗೆ ಇಳಿಸೋ ಮೊದಲು ನಡೆದು ನೋಡಬೇಕು. ಪಂಕ್ಚರ್ ಸಾಮಾನು ಇದ್ರೆ ಸಾಲದು, ಹಾಕೋಕೆ ಬರಬೇಕು.”

“ಆ ಗುಡ್ಡ?”

“ಅದು ವರ್ಷಗಳ ಮಾತು. ಫೋನ್ ಸಿಗಲ್ಲ, ಬಂಕ್ ಇಲ್ಲ. ಕಾಗದದ ನಕ್ಷೆ ಬೇಕು, ಪೆಟ್ರೋಲಿನ ಲೆಕ್ಕ ಬೇಕು, ಗುಂಪಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಬೇಕು. ಎಲ್ಲಕ್ಕಿಂತ, ಆಗಲ್ಲ ಅನ್ನಿಸಿದ ಕಡೆ ಗಾಡಿ ತಿರುಗಿಸೋಕೆ ಬರಬೇಕು.”

ಆಮೇಲೆ ಎತ್ತುವುದನ್ನು ತೋರಿಸಿಕೊಟ್ಟಳು. ಚೀಲ ಬಿಚ್ಚಿ, ಗಾಡಿಗೆ ಬೆನ್ನು ಮಾಡಿ ಕೂತು, ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಲ್ಲಿ ಏಳುವುದು. ದರ್ಜಿಯ ಕಾಲು ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದದ್ದು. ಗಾಡಿ ಎದ್ದಿತು.

ಭಾನುವಾರ ಷಡ್ಡಕನ ಗುಂಪು ಗುಡ್ಡಕ್ಕೆ ಹೋಯಿತು. ದರ್ಜಿ ಬಯಲಿಗೆ ಹೋದ. ಹೆಂಡತಿಯೂ ಬಂದು, ಕವಚದ ಪಟ್ಟಿಗಳನ್ನು ತಾನೇ ಬಿಗಿದು, ಅವನು ಬಿದ್ದದ್ದನ್ನು ಎಣಿಸುತ್ತ ಕೂತಳು.

“ಒಂಬತ್ತೇ,” ಎಂದಳು ಸಂಜೆ. ಆ ಲೆಕ್ಕ ರಾತ್ರಿಯೊಳಗೆ ಅತ್ತೆಯ ಕಿವಿ ಮುಟ್ಟಿತು.

ಮುಂದಿನ ವಾರ ಅವನು ಚೀಲಗಳ ಹೊಲಿಗೆ ಬಿಚ್ಚಿ ಅರ್ಧಕ್ಕೆ ಕತ್ತರಿಸಿದ. ತಾನು ಎತ್ತಬಲ್ಲಷ್ಟಕ್ಕೆ ಮಾತ್ರ ಹಿಡಿಸುವಂತೆ ಮತ್ತೆ ಹೊಲಿದ. ಮೂರು ತಿಂಗಳ ನಂತರ ಒಂದು ದಿನದ ಮಣ್ಣುದಾರಿ ಮುಗಿಸಿ ಬಂದ. ಮುಖ ತೊಳೆಯದೆ, ಗಾಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಅತ್ತೆ ಅದನ್ನು ಸ್ವಿಚ್‌ಬೋರ್ಡಿನ ಮೇಲೆಯೇ ಹಾಕಿದರು. ಮನೆಯಲ್ಲಿ ಯಾರು ದೀಪ ಹಾಕಿದರೂ ಮೊದಲು ಕಾಣುವುದು ದರ್ಜಿ.

ಷಡ್ಡಕ ಆ ಫೋಟೊದ ಮುಂದೆ ತುಂಬ ಹೊತ್ತು ನಿಂತಿದ್ದ.

“ಭಾವ,” ಎಂದ ಕೊನೆಗೆ, “ಈ ಚೀಲ ಎಷ್ಟು ಚೊಕ್ಕ ಕೂತಿದೆ. ನಂದು ಜೋತು ಬೀಳುತ್ತೆ. ನನಗೂ ಇಂಥದ್ದೇ ಒಂದು ಜೊತೆ…”

ದರ್ಜಿ ಕೊರಳಿನ ಟೇಪು ತೆಗೆದ. ಆ ಗಳಿಗೆಯ ಸುಖವನ್ನು ಅವನು ಇಂದಿಗೂ ಯಾರಿಗೂ ಪೂರ್ತಿ ಹೇಳಿಲ್ಲ.

“ಮೊದಲು ನಿನ್ನ ಗಾಡಿ ಮಲಗಿಸು,” ಎಂದ. “ಎಷ್ಟು ಎತ್ತುತ್ತೀಯ ನೋಡಿ ಹೊಲೀತೀನಿ.”

ಕಾಡುದಾರಿಗೆ ಹೊರಟವರೇ, ನಿಮಗೂ ಒಬ್ಬ ಷಡ್ಡಕ ಇದ್ದೇ ಇರುತ್ತಾನೆ, ನೆಂಟನಲ್ಲದಿದ್ದರೆ ಫೋನಿನೊಳಗಾದರೂ. ಅವನನ್ನು ನೋಡಿ ಹೊಟ್ಟೆ ಉರಿದರೆ ಉರಿಯಲಿ, ಅದು ಮನುಷ್ಯರಿಗೆ ಸಹಜ. ಹೊರಡುವ ಮುಂಚೆ ಮಾತ್ರ ತುಂಬಿದ ಗಾಡಿಯನ್ನು ಮನೆ ಹತ್ತಿರದ ಬಯಲಲ್ಲಿ ಮೆತ್ತಗೆ ಮಲಗಿಸಿ, ಎತ್ತಿ ನೋಡಿ. ಏಳದಿದ್ದರೆ ಹೊರೆ ಇಳಿಸಿ, ದಾರಿ ಗಿಡ್ಡ ಮಾಡಿ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ನೀವು ಹೋಗಿ ಬರಬೇಕು.