ಕಣ್ಣಿಗೆ ಕಂಡಷ್ಟು

ಆಲಿಕಲ್ಲು ಮಳೆಗೆ ಟೊಮೆಟೊ ನೆಲಕಚ್ಚಿದ ಮೂರನೇ ದಿನ ವಿಮೆ ಕಂಪನಿಯ ಪರವಾಗಿ ನಷ್ಟ ನೋಡಲು ಹೋದೆ. ಹೊಲದಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ.

"ಗಿಡಗಳೆಲ್ಲಿ ಅಕ್ಕಾ?" ಹೊಲದ ಒಡತಿಯನ್ನು ಕೇಳಿದೆ.

"ಕಿತ್ತು ಸುಟ್ಟುಬಿಟ್ಟೆ ಅಣ್ಣಾ. ಹಾರ್ಟ್ ಆಪರೇಷನ್ ಆಗಿ ಇವರು ಬೆಳಗ್ಗೆ ಮನೆಗೆ ಬಂದ್ರು. ಆ ಬೆಳೆ ನೋಡಿದ್ರೆ ತಡ್ಕೊಳ್ತಿದ್ರಾ? ಕೊಯ್ಲು ಮುಗೀತು ಅಂತ ಹೇಳಿದ್ದೀನಿ."

"ನಾನು ಬರೋವರೆಗೂ ಹಾಗೇ ಬಿಡಬೇಕಿತ್ತು. ಕಣ್ಣಿಗೆ ಕಂಡಷ್ಟೇ ಬರೆಯೋದು ನನ್ನ ಕೆಲಸ."

ಅವಳು ಬೂದಿ ಮೆತ್ತಿದ ಕೈಗಳನ್ನು ಚಾಚಿದಳು. "ಇದು ಕಾಣಲ್ವಾ? ವಿಮೆ ಸಿಗಲ್ವಾ?"

ಹೊಲದಂಚಿನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಗಂಡ ನಗಲು ಹೋಗಿ ಕೆಮ್ಮಿದ. "ಪಕ್ಕದ ಹೊಲದವನು ಆಸ್ಪತ್ರೆಗೆ ಬಂದು ಅವತ್ತೇ ಬೆಳೆ ಹೋದದ್ದು ಹೇಳಿದ್ದ ಕಣೇ. ನೀನು ನೊಂದ್ಕೋತೀಯ ಅಂತ ನಾನೇ ಗೊತ್ತಿಲ್ಲದವನ ಹಾಗಿದ್ದೆ."

ಅವಳು ಕೈಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ನಾನು ಬರೆದೆ: ನಷ್ಟ ಕಂಡುಬಂದಿಲ್ಲ.