ಕಾಶಿಯ ಎರಡನೇ ಗಿಂಡಿ

ನಮ್ಮ ಅತ್ತೆ ಮಾವ ಕಾಶಿಗೆ ಹೋದಾಗ ಎರಡು ಗಿಂಡಿ ತಂದಿದ್ದರು. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ತಾಮ್ರದ ಗಿಂಡಿಗಳು. ಒಳಗೆ ಗಂಗೆ, ಬಾಯಿಗೆ ಬೆಸುಗೆ. ಒಂದು ಅತ್ತೆಗೆ, ಇನ್ನೊಂದು ಮಾವನಿಗೆ. ಕೊನೆಯುಸಿರಿನ ಹೊತ್ತಿಗೆ ಬೆಸುಗೆ ಬಿಚ್ಚಿ ಬಾಯಿಗೆ ಎರಡು ಹನಿ ಬಿಡಬೇಕು. ಅಲ್ಲಿಯವರೆಗೆ ಅವನ್ನು ಯಾರೂ ತೆರೆಯುವಂತಿಲ್ಲ. ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದವು. ವಾರಕ್ಕೊಮ್ಮೆ ನಾನು ಹುಣಸೆಹಣ್ಣು ಹಾಕಿ ತಿಕ್ಕಿ ಮತ್ತೆ ಅಲ್ಲೇ ಇಡುತ್ತಿದ್ದೆ.

ಎರಡು ವರ್ಷದ ಹಿಂದೆ ಅತ್ತೆ ದ್ಯಾಮಮ್ಮನವರ ಉಸಿರು ಏರುಪೇರಾದಾಗ ನನ್ನ ಗಂಡ ಲೋಹಿತ್ ಸ್ಕ್ರೂ ಡ್ರೈವರ್ ತಂದು ಮೊದಲನೇ ಗಿಂಡಿಯ ಬೆಸುಗೆ ಎಬ್ಬಿಸಿದರು. ಮಾವ ತುಳಸಿ ದಳದಿಂದ ಅತ್ತೆಯ ತುಟಿಗೆ ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಎಲ್ಲ ಮುಗಿಯಿತು. ಆ ಗಡಿಬಿಡಿಯಲ್ಲಿ ಮಗಳು ಸಿಂಚನಾಳನ್ನು ಪಕ್ಕದ ಮನೆಗೆ ಕಳಿಸಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅವಳು ಬಾಗಿಲ ಪಟ್ಟಿ ಹಿಡಿದು ನಿಂತು ಎಲ್ಲವನ್ನೂ ನೋಡಿದ್ದಳು. ಗಿಂಡಿ ತೆಗೆದರು, ನೀರು ಬಿಟ್ಟರು, ಅಜ್ಜಿ ಹೋದರು. ಅವಳ ಕಣ್ಣಿಗೆ ಬಿದ್ದದ್ದು ಆ ಕ್ರಮದಲ್ಲಿ.

ಈ ವರ್ಷ ಅವಳ ಶಾಲೆಯ ಕ್ವಿಜ್‌ಗೆ 'ಕೊನೆಯವು' ಎಂಬ ವಿಷಯ ಕೊಟ್ಟರು. ಐದನೇ ಕ್ಲಾಸಿನ ಮಕ್ಕಳಿಗೆ ಇದೆಂಥ ವಿಷಯವೋ. ಊಟಕ್ಕೆ ಕೂತರೆ ಅದೇ ಮಾತು. ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತದ್ದು ಯಾವಾಗ, ಚಂದ್ರನ ಮೇಲೆ ನಡೆದ ಕೊನೆಯ ಮನುಷ್ಯ ಯಾರು, ಮುಳುಗುವ ಹಡಗಿನಲ್ಲಿ ಕೊನೆಯತನಕ ವಾದ್ಯ ನುಡಿಸಿದವರ ಕಥೆ. ಒಂದು ಜಾತಿಯ ಪಾರಿವಾಳಗಳಲ್ಲಿ ಕೊನೆಯದೊಂದು ಮೃಗಾಲಯದ ಪಂಜರದಲ್ಲಿ ಒಂಟಿಯಾಗಿ ಸತ್ತಿತು ಎಂದು ಹೇಳುವಾಗ ಅವಳ ತುತ್ತು ಕೈಯಲ್ಲೇ ಉಳಿದಿತ್ತು.

"ಅಮ್ಮ, ಐನ್‌ಸ್ಟೈನ್ ಸಾಯೋವಾಗ ಏನೋ ಹೇಳಿದ್ರಂತೆ. ಜರ್ಮನ್‌ನಲ್ಲಿ. ನರ್ಸಿಗೆ ಜರ್ಮನ್ ಬರ್ತಿರಲಿಲ್ಲವಂತೆ. ಏನು ಹೇಳಿದ್ರು ಅಂತ ಯಾರಿಗೂ ಗೊತ್ತಿಲ್ಲ."

"ಉಪ್ಪಿನಕಾಯಿ ಬೇಕು ಅಂದಿರ್ತಾನೆ, ಬಿಡು," ಎಂದರು ಮಾವ. ಹೆಸರು ಕೃಷ್ಣಪ್ಪ. ಯಾವುದನ್ನೂ ಹಗುರ ಮಾಡಿಬಿಡುವ ಮನುಷ್ಯ.

ಅವಳು ನಗಲಿಲ್ಲ. ದೇವರ ಗೂಡಿನ ಕಡೆ ನೋಡಿದಳು. ಆ ನೋಟವನ್ನು ನಾನು ಕಂಡೆ. ಸಾರು ಬಡಿಸುತ್ತಿದ್ದೆ, ಅಲ್ಲಿಗೇ ಮರೆತೆ.

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮಾವ ತಲೆ ನರೆಯುವತನಕ ಕೆಲಸ ಮಾಡಿದವರು. ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆ ನಿಂತೇ ನಿವೃತ್ತರಾದರು. ಅದೇ ಜಾಗದಲ್ಲಿ ಈಗ ಲೋಹಿತ್ ಇದ್ದಾರೆ. ಮಾಲೀಕರು ಆ ಹಳೆಯ ಫರ್ನೇಸನ್ನು ನಿಲ್ಲಿಸಿ ಬಿಡುವುದೆಂದು ತೀರ್ಮಾನಿಸಿದ್ದರು. ಹೊಸದಾಗಿ ಹಚ್ಚಿದಾಗ ಪ್ರತಿ ಕೆಲಸಗಾರನ ಮನೆಯಿಂದ ಒಂದೊಂದು ಕಬ್ಬಿಣದ ಸಾಮಾನು ತಂದು ಮೊದಲ ಸಲ ಕರಗಿಸುವಾಗ ಹಾಕಿದ್ದರಂತೆ. ಆರಿಸುವ ದಿನವೂ ಹಾಗೇ ಮಾಡಬೇಕು, ಆ ಕೊನೆಯ ಕಬ್ಬಿಣದಲ್ಲಿ ಹಣತೆ ಎರಕ ಹೊಯ್ದು ಮನೆಗೊಂದು ಹಂಚಬೇಕು ಎಂದು ಎಲ್ಲರೂ ಸೇರಿ ನಿಶ್ಚಯಿಸಿದರು. ಹಿರಿಯ ಕೈ ಮಾವನದು. ಹಾಗಾಗಿ ಕೊನೆಯ ಸಾಮಾನು ಹಾಕುವವರು ಅವರೇ.

ಮಾವ ಆರಿಸಿದ್ದು ತಮ್ಮ ಊಟದ ಕ್ಯಾರಿಯರ್. ಮೂರು ಡಬ್ಬಿಯ ಹಳೆಯ ಸ್ಟೀಲ್ ಕ್ಯಾರಿಯರ್, ಪಕ್ಕದ ಕ್ಲಿಪ್ ತುಕ್ಕು ಹಿಡಿದು ಬಿಗಿಯಾಗಿತ್ತು.

"ನೀರಿನ ಪಸೆ ಇರಬಾರದು ನೋಡು," ಎಂದು ಹಿಂದಿನ ದಿನವೇ ಲೋಹಿತ್ ಹೇಳಿದ್ದರು. ಅವರು ಹೇಳಬೇಕಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವರ ತೋಳಿನ ತುಂಬ ಸಾಸಿವೆ ಸಿಡಿದಂಥ ಬೊಕ್ಕೆಗಳಿದ್ದವು. ಯಾರೋ ಹಾಕಿದ ಗುಜರಿಯಲ್ಲಿ ಮಳೆನೀರು ನಿಂತಿತ್ತಂತೆ. ಕುದಿಯುವ ಕಬ್ಬಿಣದೊಳಗೆ ನೀರು ಸಿಕ್ಕಿಕೊಂಡರೆ ಆವಿಯಾಗಿ ಹೊರಬರಲು ಜಾಗ ಹುಡುಕುತ್ತದೆ, ಜಾಗ ಸಿಗದಿದ್ದರೆ ಕಬ್ಬಿಣವನ್ನೇ ಎತ್ತಿ ಎಸೆಯುತ್ತದೆ ಎಂದು ಅವತ್ತು ವಿವರಿಸಿದ್ದರು. ಒಂದು ಲೋಟ ನೀರಿಗೆ ಮಾಡು ಹಾರಿಹೋದ ಕಥೆಯನ್ನೂ ಹೇಳಿದ್ದರು.

ಅದಕ್ಕೇ ಫರ್ನೇಸ್ ಆರಿಸುವ ಶನಿವಾರ ಬೆಳಿಗ್ಗೆಯೇ ಕ್ಯಾರಿಯರ್ ಬಿಚ್ಚಿ, ಒರೆಸಿ, ಡಬ್ಬಿಗಳನ್ನು ಮಹಡಿಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ. ಒಣಗಿದ ಮೇಲೆ ಜೋಡಿಸಿ ಜಗಲಿಯ ಮೇಲಿಟ್ಟೆ. ಕ್ಲಿಪ್ಪನ್ನು ಮಾತ್ರ ಒತ್ತಿರಲಿಲ್ಲ. ಮಾವ ಹೊರಡುವಾಗ ಅದನ್ನು ಅಂಗೈಯಿಂದ ಗುದ್ದಿ ಹಾಕಿದರು. ಬೈಕ್ ಸ್ಟಾರ್ಟ್ ಮಾಡಿಕೊಂಡಿದ್ದ ಲೋಹಿತ್ ಕೇಳಿದರು.

"ಖಾಲಿ ತಾನೇ?"

"ಖಾಲಿ. ಕಾದ ಹಂಚಿನ ಹಾಗೆ ಒಣಗಿದೆ."

"ನೀನು ಹೇಳಿದ ಮೇಲೆ ಮುಗೀತು. ಅಲ್ಲಿ ಮತ್ತೆ ಬಿಚ್ಚೋಕೆ ಹೋದ್ರೆ ಈ ಕ್ಲಿಪ್ಪಿನ ಜೊತೆ ಕುಸ್ತಿ."

ಅವರು ಹೋದ ಮೇಲೆ ಪಾತ್ರೆ ತೊಳೆದೆ, ಬಟ್ಟೆ ಹರವಿದೆ, ದೇವರ ಗೂಡು ಒರೆಸಲು ಹೋದೆ. ಮಾವನ ಗಿಂಡಿ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಕುಂಕುಮದ ನಡುವೆ ದುಂಡನೆಯ ಗುರುತು ಮಾತ್ರ ಇತ್ತು.

ಸಿಂಚನಾ ಅಡುಗೆಮನೆಯ ಹೊಸ್ತಿಲ ಬಳಿ ಅವಲಕ್ಕಿ ತಿನ್ನುತ್ತಾ ಕೂತಿದ್ದಳು.

"ಪುಟ್ಟಾ, ಇಲ್ಲಿದ್ದ ಗಿಂಡಿ ತೆಗೆದ್ಯಾ?"

ಅವಳು ತಟ್ಟೆಯನ್ನೇ ನೋಡಿದಳು.

"ಬೈಯಲ್ಲ. ಎಲ್ಲಿಟ್ಟೆ ಹೇಳು."

"ಅಜ್ಜನ ಕ್ಯಾರಿಯರ್‌ನಲ್ಲಿ." ಆಮೇಲೆ ಮೆಲ್ಲಗೆ, "ಸದ್ದು ಬರಬಾರ್ದು ಅಂತ ಸಾಕ್ಸ್‌ನಲ್ಲಿ ಸುತ್ತಿಟ್ಟೆ. ಕಬ್ಬಿಣದಲ್ಲಿ ಕರಗಿಹೋದ್ರೆ ಅದನ್ನ ಯಾರೂ ತೆಗೆಯೋಕೆ ಆಗಲ್ಲ. ತೆಗೀದಿದ್ರೆ ಅಜ್ಜ ಸಾಯಲ್ಲ ಅಲ್ವಾಮ್ಮ?"

ನನ್ನ ಕೈಯಲ್ಲಿದ್ದ ಬಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಾಯಿಗೆ ಬೆಸುಗೆ ಹಾಕಿದ ಗಿಂಡಿ, ಅದರ ತುಂಬ ನೀರು, ಅದರ ಮೇಲೆ ಮುಚ್ಚಳ ಬಿಗಿದ ಕ್ಯಾರಿಯರ್. ಅದನ್ನು ಹಿಡಿದು ಫರ್ನೇಸಿನ ಬಾಯಿಯ ಮೇಲೆ ಬಗ್ಗುವವರು ಮಾವ. ಪಕ್ಕದಲ್ಲಿ ಅವರ ತೋಳು ಹಿಡಿದು ನಿಲ್ಲುವವರು ಲೋಹಿತ್. ಖಾಲಿ ಎಂದು ಹೇಳಿ ಕಳಿಸಿದವಳು ನಾನು.

ಲೋಹಿತ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಫರ್ನೇಸಿನ ಹತ್ತಿರ ಫೋನ್ ಒಯ್ಯುವಂತಿಲ್ಲ, ಎಲ್ಲರ ಫೋನೂ ಆಫೀಸಿನ ಡ್ರಾಯರಿನಲ್ಲಿರುತ್ತದೆ. ಆಫೀಸಿಗೇ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇವತ್ತು ಆಫೀಸಿನಲ್ಲಿ ಯಾರು ಕೂತಿರುತ್ತಾರೆ, ಎಲ್ಲರೂ ಶೆಡ್ಡಿನಲ್ಲೇ.

ಪಕ್ಕದ ಮನೆಯ ಜಹಾನಾರಾ ಅಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ಗಂಡ ಮಹಮ್ಮದ್ ಊಟಕ್ಕೆಂದು ಆಟೋ ತಂದು ನಿಲ್ಲಿಸಿ ಜಗಲಿಯಲ್ಲಿ ತಟ್ಟೆಯ ಮುಂದೆ ಕೂತಿದ್ದರು. ನನ್ನ ಮುಖ ನೋಡಿದ್ದೇ ಅಕ್ಕ ಮೊರ ಕೆಳಗಿಟ್ಟರು.

"ಅಕ್ಕ, ಇವಳನ್ನ ಸ್ವಲ್ಪ ನೋಡ್ಕೊಳ್ಳಿ. ಮಹಮ್ಮದಣ್ಣ, ಮಾಚೇನಹಳ್ಳಿಗೆ. ಈಗಲೇ."

"ಊಟ ಮಾಡ್ಬಿಟ್ಟು ಹೋಗೋಣ ತಂಗಿ. ಫೌಂಡ್ರಿ ಎಲ್ಲಿಗೆ ಓಡೋಗುತ್ತೆ?" ಎಂದರು ಮಹಮ್ಮದ್. ನಾನು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಸಿಂಚನಾ ನನ್ನ ಸೆರಗು ಹಿಡಿದುಕೊಂಡಳು. "ನಾನು ತಪ್ಪು ಮಾಡಿದ್ನಾ?" ಬೆರಳು ಬಿಡಿಸಿ ಅಕ್ಕನ ಕೈಗೆ ಕೊಟ್ಟೆ. ಆಟೋ ತಿರುಗುವಾಗ ನೋಡಿದರೆ ಅವಳು ಬಾಗಿಲ ಪಟ್ಟಿ ಹಿಡಿದು ನಿಂತಿದ್ದಳು, ಅಜ್ಜಿ ಹೋದ ದಿನ ನಿಂತಿದ್ದ ಹಾಗೇ.

ದಾರಿಯುದ್ದಕ್ಕೂ ಫೋನ್ ಒತ್ತುತ್ತಲೇ ಇದ್ದೆ. ಭದ್ರಾವತಿ ದಾಟಿದ ಮೇಲೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ರಸ್ತೆ ತುಂಬಿಕೊಂಡು ಹೋಗುತ್ತಿತ್ತು. ಮಹಮ್ಮದ್ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಟ್ರ್ಯಾಕ್ಟರಿನವನು ಹಿಂತಿರುಗಿ, "ಏನ್ ಮಾರಾಯ, ಹೆರಿಗೆ ಕೇಸಾ?" ಎಂದ. "ಅದಕ್ಕಿಂತ ಅರ್ಜೆಂಟು, ಬಿಡಪ್ಪ," ಎಂದು ಮಹಮ್ಮದ್ ಮಣ್ಣಿಗಿಳಿಸಿ ದಾಟಿದರು.

ನನಗೆ ಮಾತ್ರ ಸಣ್ಣಸಣ್ಣ ಸಂಗತಿಗಳೇ ನೆನಪಾಗುತ್ತಿದ್ದವು. ಲೋಹಿತ್ ಹೊರಡುವಾಗ ಕೊನೆಗೆ ಹೇಳಿದ್ದು ಕ್ಲಿಪ್ಪಿನ ಮಾತು. ನಾನು ಕೊನೆಗೆ ಹೇಳಿದ್ದು ಹಂಚಿನ ಮಾತು. ಬೇಗ ಬನ್ನಿ ಎಂದೂ ಹೇಳಿರಲಿಲ್ಲ. ಮಾವ ಬೈಕಿನ ಹಿಂದೆ ಕೂತು ಪಂಚೆ ಸರಿಮಾಡಿಕೊಳ್ಳುತ್ತಿದ್ದರು, ನಾನು ಆಗಲೇ ಒಳಗೆ ತಿರುಗಿದ್ದೆ. ಹಡಗಿನವರ, ಚಂದ್ರನ ಮೇಲೆ ನಡೆದವನ ಕೊನೆಯ ಗಳಿಗೆಯನ್ನು ಮಗಳು ಊಟದ ಹೊತ್ತಿಗೆ ಹೇಳುವಾಗ ಅದು ಎಲ್ಲೋ ದೂರದ್ದು ಎಂದುಕೊಂಡಿದ್ದೆ. ಫೌಂಡ್ರಿಯ ಕಡೆಯಿಂದ ಹೊಗೆಯೇನಾದರೂ ಏಳುತ್ತಿದೆಯೇ ಎಂದು ಆಕಾಶ ನೋಡುತ್ತಿದ್ದೆ.

ಗೇಟಿನಲ್ಲಿ ಮಾವಿನ ತೋರಣ ಕಟ್ಟಿದ್ದರು. ಕಾವಲಿನವನು ಇರಲಿಲ್ಲ. ಆಟೋ ನಿಲ್ಲುವ ಮೊದಲೇ ಇಳಿದು ಶೆಡ್ಡಿಗೆ ಓಡಿದೆ. ಒಳಗೆ ಜನ. ಅವರ ತಲೆಗಳ ಆಚೆ ಎತ್ತರದ ಕಟ್ಟೆ, ಅದರ ಮೇಲೆ ಫರ್ನೇಸಿನ ಬಾಯಿಂದ ಏಳುವ ಕಿತ್ತಳೆ ಬೆಳಕು. ಆ ಬೆಳಕಿನಲ್ಲಿ ಮಾವ. ಕೊರಳಲ್ಲಿ ಹಾರ, ಕಣ್ಣಿಗೆ ನೀಲಿ ಗಾಜು. ಉದ್ದನೆಯ ಇಕ್ಕಳದ ತುದಿಯಲ್ಲಿ ಕ್ಯಾರಿಯರ್. ಇಕ್ಕಳಕ್ಕೆ ಲೋಹಿತ್ ಕೂಡ ಕೈ ಕೊಟ್ಟಿದ್ದರು.

ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಫರ್ನೇಸಿನ ಮೊರೆತ, ಅದರ ಮೇಲೆ ಚಪ್ಪಾಳೆ. ಜನರ ನಡುವೆ ನುಗ್ಗಿ ಹೋಗುವಷ್ಟು ಹೊತ್ತಿರಲಿಲ್ಲ.

ಬಾಗಿಲ ಪಕ್ಕ ರೈಲುಕಂಬಿಯ ತುಂಡೊಂದು ನೇತಾಡುತ್ತಿತ್ತು. ಅದು ಆ ಫೌಂಡ್ರಿಯ ಗಂಟೆ. ಶಿಫ್ಟಿಗೆ ಒಂದೊಂದೇ ಹೊಡೆತ, ಅಪಾಯಕ್ಕೆ ಬಿಡದೆ ಹೊಡೆತ. ಬಿಡದೆ ಬಾರಿಸಿದರೆ ಕೈಯಲ್ಲಿ ಏನಿದ್ದರೂ ಹಿಂದಕ್ಕೆ ಸರಿಯಬೇಕು, ಯಾಕೆಂದು ಕೇಳಬಾರದು ಎಂದು ಮಾವ ಎಷ್ಟೋ ಸಲ ಹೇಳಿದ್ದರು. ಇವತ್ತು ಕೊನೆಯ ಸಲ ಮಾಲೀಕರೇ ಬಾರಿಸಲೆಂದು ಅದಕ್ಕೆ ಚೆಂಡು ಹೂವಿನ ಸರ ಸುತ್ತಿ, ಸುತ್ತಿಗೆಗೆ ಅರಿಶಿನ ಕುಂಕುಮ ಹಚ್ಚಿಟ್ಟಿದ್ದರು.

ಸುತ್ತಿಗೆ ಎತ್ತಿ ಹೊಡೆದೆ. ಹೂವು ಚದುರಿತು. ಬಿಡದೆ ಹೊಡೆದೆ. "ಏ ಏ, ಯಾರಮ್ಮ ಅದು, ಪೂಜೆ ಮಾಡಿರೋದು," ಎಂದು ಯಾರೋ ನನ್ನ ಕೈ ಹಿಡಿಯಲು ಬಂದರು. ನಾನು ಕಟ್ಟೆಯನ್ನೇ ನೋಡುತ್ತಿದ್ದೆ. ಮಾವ ತಿರುಗಿ ನೋಡಲಿಲ್ಲ. ಸದ್ದು ಕಿವಿಗೆ ಬಿದ್ದದ್ದೇ ಅವರ ಕಾಲು ಹಿಂದೆ ಹೋಯಿತು, ಕೈಯೂ ಹಿಂದೆ ಬಂತು. ಕ್ಯಾರಿಯರ್ ಬೆಳಕಿನಿಂದ ಆಚೆ ಸರಿಯಿತು.

ಆಮೇಲೆ ನಾನು ಕಟ್ಟೆ ಹತ್ತಿದ್ದು, ಕ್ಲಿಪ್ ಎಳೆದದ್ದು, ಅದು ಬರದೆ ಲೋಹಿತ್ ಸುತ್ತಿಗೆಯಿಂದ ಬಿಡಿಸಿದ್ದು, ಇವು ಯಾವುವೂ ನನಗೆ ಸರಿಯಾಗಿ ನೆನಪಿಲ್ಲ. ಒಂದರ ಮೇಲೊಂದು ಕೂತ ಡಬ್ಬಿಗಳಲ್ಲಿ ಕೆಳಗಿನದರೊಳಗೆ ಬಿಳಿಯ ಶಾಲೆ ಸಾಕ್ಸ್ ಇತ್ತು. ಲೋಹಿತ್ ಅದನ್ನು ಬೋರಲು ಮಾಡಿದರು. ಗಿಂಡಿ ಅವರ ಅಂಗೈಗೆ ಬಿತ್ತು. ಅಲ್ಲಾಡಿಸಿದರು. ನೀರು ಕುಲುಕಿತು.

ಕಟ್ಟೆಯ ಕೆಳಗೆ ಮುಂದಿನ ಸಾಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತವರಿದ್ದರು. ಕಬ್ಬಿಣ ಹೊಯ್ಯುವ ಚಂದ್ರಶೇಖರಪ್ಪ ಮುಖ ಒರೆಸಿಕೊಂಡು, "ಅಮ್ಮ, ನೀವು ಬರದೇ ಇದ್ದಿದ್ರೆ," ಎಂದು ಅಲ್ಲಿಗೇ ನಿಲ್ಲಿಸಿದರು.

ಮಾವ ಗಾಜು ತೆಗೆದು ಗಿಂಡಿಯನ್ನು ತುಂಬ ಹೊತ್ತು ನೋಡಿದರು. "ಸಿಂಚನಾ ಕೆಲಸಾನಾ?" ಎಂದರು. ನಾನು ತಲೆಯಾಡಿಸಿದೆ. "ಕಾಶಿ ಗಂಗೆನ ಸಾಕ್ಸಿಗೆ ತುಂಬಿದೋಳು ನಮ್ಮನೇಲೇ ಹುಟ್ಟಬೇಕಿತ್ತು," ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ನಗಬೇಕೆಂದು ಹೇಳಿದ್ದೇ. ಆದರೆ ಜೇಬಿನ ಬಾಯಿ ಸಿಗಲು ಅವರು ಎರಡು ಸಲ ತಡಕಬೇಕಾಯಿತು.

ಪ್ರತಿ ಡಬ್ಬಿಯನ್ನೂ ಬೆಳಕಿಗೆ ಹಿಡಿದು ನೋಡಿ, ಬಿಡಿಬಿಡಿಯಾಗಿ ಹಾಕಿದರು. ಕಬ್ಬಿಣ ಒಂದು ಕಿಡಿಯನ್ನೂ ಉಗುಳದೆ ನುಂಗಿತು.

ಮನೆಗೆ ಬಂದಾಗ ಸಿಂಚನಾ ಜಹಾನಾರಾ ಅಕ್ಕನ ನೀರಿನ ಡ್ರಮ್ಮಿನ ಹಿಂದೆ ಕೂತಿದ್ದಳು. ಏನೂ ತಿಂದಿರಲಿಲ್ಲವಂತೆ. ಮಾವ ಅವಳ ಎದುರು ನೆಲದ ಮೇಲೇ ಕೂತರು.

"ಹೊರಗೆ ಬಾ. ನಿಮ್ಮಮ್ಮ ಗಂಟೆ ಹೊಡೆದು ನಿಲ್ಲಿಸಿದ್ಲು, ನನಗೇನಾಗಿಲ್ಲ."

"ಅಪ್ಪಂಗೆ?"

"ಅವನಿಗೂ ಏನಾಗಿಲ್ಲ. ಹಸಿವಾಗಿದೆ ಅಂತ ಬೈತಾ ಇದಾನೆ."

ಅವಳು ಡ್ರಮ್ಮಿನ ಹಿಂದಿನಿಂದ ಹೊರಬಂದು ಕೇಳಿದಳು. "ಅಜ್ಜ, ಗಂಟೆ ಹೊಡೆಯೋಕೆ ಮುಂಚೆ ನೀನು ಕೊನೆಗೆ ಏನು ಹೇಳಿದೆ?"

ಮಾವ ಯೋಚಿಸಿದರು. "ನಿಮ್ಮಪ್ಪಂಗೆ ಹೇಳ್ದೆ, ಚಪ್ಪಲಿ ಹೊರಗೆ ಬಿಟ್ಟಿದೀನಿ, ಯಾರಾದ್ರೂ ಹಾಕ್ಕೊಂಡು ಹೋದಾರು ನೋಡ್ಕೋ ಅಂತ."

"ಅಷ್ಟೇನಾ?"

"ಅಷ್ಟೇ."

ಅವಳು ಅಜ್ಜನ ಮುಖವನ್ನೇ ನೋಡಿದಳು. ಆಮೇಲೆ ಅವರ ಮಡಿಲಲ್ಲಿ ಬಿದ್ದು ಅತ್ತಳು, ಅತ್ತೆ ಹೋದಾಗಲೂ ಅಳದಿದ್ದವಳು. ಮಾವ ಜೇಬಿನಿಂದ ಗಿಂಡಿ ತೆಗೆದು ಅವಳ ಕೈಗೆ ಕೊಟ್ಟರು. "ಇದನ್ನ ನೀನೇ ಇಟ್ಕೋ. ಎಲ್ಲಿ ಬೇಕಾದ್ರೂ ಇಡು, ಬೆಂಕಿ ಹತ್ರ ಒಂದು ಬೇಡ. ನೀನು ಕೊಟ್ಟರೆ ಮಾತ್ರ ತೆಗೀತೀವಿ."

ನನಗೆ ಇದು ಸರಿಯೆನಿಸಲಿಲ್ಲ. ಅಷ್ಟು ಚಿಕ್ಕ ಕೈಗೆ ಅಂಥದ್ದನ್ನು ಕೊಡಬಹುದೇ? ಆದರೆ ಅವಳು ಆಗಲೇ ಮುಷ್ಟಿ ಮುಚ್ಚಿದ್ದಳು.

ಗೂಡಿನಲ್ಲಿ ಆ ಜಾಗದಲ್ಲಿ ಈಗ ಕಬ್ಬಿಣದ ಹಣತೆ ಇದೆ. ಗಿಂಡಿ ಎಲ್ಲಿದೆ ಎಂದು ನಾವು ಕೇಳಿಲ್ಲ. ಆದರೂ ಒಲೆ ಹಚ್ಚುವ ಮೊದಲು ಒಲೆಯ ಕೆಳಗೆ ಬಗ್ಗಿ ನೋಡುತ್ತೇನೆ. ನೀರು ಕಾಯಿಸುವ ಹಂಡೆಯ ಬೂದಿಗೆ ಕಡ್ಡಿ ಹಾಕಿ ಕೆದಕುತ್ತೇನೆ. ಕುಕ್ಕರ್ ಕೂಗಿದರೂ ಎದ್ದು ಓಡುತ್ತೇನೆ.

ಇವತ್ತು ಬೆಳಿಗ್ಗೆ ಅಕ್ಕಿ ಅಳೆಯಲು ಡಬ್ಬಿಗೆ ಕೈ ಹಾಕಿದಾಗ ತಣ್ಣಗಿನದ್ದೇನೋ ಬೆರಳಿಗೆ ತಗುಲಿತು. ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ನೀರಿತ್ತು. ಬೆಸುಗೆಯ ಮೇಲೆ ಬೆರಳಾಡಿಸಿದೆ. ಬಿಟ್ಟಿರಲಿಲ್ಲ. ಹಿತ್ತಲಲ್ಲಿ ಮಾವ ಹಲ್ಲುಜ್ಜುತ್ತಾ ಯಾರ ಜೊತೆಗೋ ಜಗಳವಾಡುತ್ತಿದ್ದರು. ಗಿಂಡಿಯನ್ನು ಇದ್ದಲ್ಲೇ ಇಟ್ಟು, ಮೇಲೆ ಅಕ್ಕಿ ಎಳೆದು ಮುಚ್ಚಿ, ಬದಿಯಿಂದ ಪಾವು ತುಂಬಿಕೊಂಡೆ.