ಮೋವಾಬಿನಿಂದ ಬಂದ ಸೊಸೆ

ಸುನ್ನೇವಾಳ ಮಗ ಹೈನಿ ದೋಣಿ ಮಗುಚಿ ತೀರಿಕೊಂಡಾಗ, ಅವನ ಹೆಂಡತಿ ಅನಲಿನ್ ತವರಿಗೆ ಹೊರಟುಹೋಗುತ್ತಾಳೆ ಎಂದೇ ಚಳಿಗಡಲಿನ ನಡುವಿನ ನಮ್ಮ ಫ್ಯಾರೋ ದ್ವೀಪದ ಹಳ್ಳಿಯವರೆಲ್ಲ ಅಂದುಕೊಂಡಿದ್ದೆವು. ಫಿಲಿಪ್ಪೀನ್ಸಿನ ಬಿಸಿಲಲ್ಲಿ ಬೆಳೆದ ಹೆಣ್ಣು. ಮಕ್ಕಳೂ ಇರಲಿಲ್ಲ. ಆದರೆ ಅವಳು ಹೋಗಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕಣ್ಣು ಮಂಜಾಗುತ್ತಿದ್ದ ಅತ್ತೆಯನ್ನು ನೋಡಿಕೊಂಡಳು.

ಸುನ್ನೇವಾಳ ಅಣ್ಣ ಟ್ರೋಂಡೂರ್ ನಮ್ಮ ಕ್ರೈಸ್ತ ಸಭೆಯ ಹಿರಿಯ. ಭಾನುವಾರ ಸಂಜೆ ಬೈಬಲಿನ ಹಳೆಯ ಒಡಂಬಡಿಕೆಯ ಯಾವುದಾದರೊಂದು ಕುಟುಂಬದ ಕಥೆ ಓದಿ, ಅದರಲ್ಲಿ ಕ್ರಿಸ್ತನ ನೆರಳು ಎಲ್ಲಿ ಬಿದ್ದಿದೆ ಎಂದು ತೋರಿಸುತ್ತಿದ್ದ. ತನ್ನ ಬಲಿಗೆ ತಾನೇ ಸೌದೆ ಹೊತ್ತು ಬೆಟ್ಟ ಹತ್ತಿದ ಇಸಾಕನಲ್ಲಿ ನಮಗೆ ಶಿಲುಬೆ ಹೊತ್ತವನನ್ನು ಕಾಣಿಸಿದವನೇ ಅವನು.

ಆ ವಾರ ರೂತಳ ಕಥೆ. ಮೋವಾಬ್ ದೇಶದ ವಿಧವೆ ರೂತಳು ಅತ್ತೆ ನೊವೊಮಿಯ ಹಿಂದೆಯೇ ಬೆತ್ಲೆಹೇಮಿಗೆ ಬಂದದ್ದು, ಹೊಲದಲ್ಲಿ ಉಳಿದ ತೆನೆ ಆಯ್ದು ಅತ್ತೆಯನ್ನು ಸಾಕಿದ್ದು, ಕೊನೆಗೆ ಹೊಲದ ಒಡೆಯ ಬೋವಜ ಅವಳ ಕೈಹಿಡಿದದ್ದು. ಬೋವಜನೇ ಕ್ರಿಸ್ತನ ಗುರುತು, ದಿಕ್ಕಿಲ್ಲದವರನ್ನು ಬಿಡಿಸಿಕೊಳ್ಳುವ ಬಂಧು ಅವನು ಎಂದು ಟ್ರೋಂಡೂರ್ ವಿವರಿಸಿದ. ಹಾಗೆನ್ನುತ್ತ, ಹೆಂಡತಿ ಸತ್ತ ಹೇರಿಯ ಕಡೆಗೊಮ್ಮೆ ನೋಡಿದ. ಹೇರಿಗೂ ಅನಲಿನ್‌ಗೂ ಮದುವೆ ಮಾಡಿಸುವ ಆಸೆ ಅವನಿಗಿತ್ತು. ಅದರಲ್ಲಿ ಕೆಟ್ಟ ಯೋಚನೆಯೇನೂ ಇರಲಿಲ್ಲ.

ನಮ್ಮ ಸಭೆಯಲ್ಲಿ ಹೆಂಗಸರು ಮಾತಾಡುವುದಿಲ್ಲ. ಸುನ್ನೇವಾ ಮುಂದಿನ ಬೆಂಚು ಹಿಡಿದು ಎದ್ದು ನಿಂತಳು.

"ಅಣ್ಣ, ಬೋವಜ ಸಿಕ್ಕಿದ್ದು ಸುಗ್ಗೀಲಿ. ಅದಕ್ಕೂ ಮುಂಚೆ, ದಾರೀಲಿ ನೊವೊಮಿ ಜೊತೆ ಯಾರಿದ್ರು?"

"ರೂತಳು," ಎಂದ ಟ್ರೋಂಡೂರ್.

"ಅಪ್ಪನ ಮನೆ ಬಿಟ್ಟು, ತನ್ನವರಲ್ಲದವರ ಹತ್ರ ಬಂದು, ಅವರ ಕಷ್ಟಾನ ತಾನು ಹೊತ್ಕೊಂಡಳು. ನಿಂಗೆ ಕ್ರಿಸ್ತ ಹೊಲದ ಯಜಮಾನನಲ್ಲಿ ಕಂಡ. ನಂಗೆ ಆ ಸೊಸೇಲಿ ಕಾಣ್ತಾನೆ."

ಯಾರೂ ತಲೆ ಎತ್ತಲಿಲ್ಲ. ಟ್ರೋಂಡೂರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ತಂಗಿ ಎಂದೂ ನೋಡದೆ ಗದರುತ್ತಾನೆ ಎಂದುಕೊಂಡೆವು.

"ನಾನು ಅಲ್ಲಿ ಹುಡುಕಿರಲಿಲ್ಲ ಕಣಮ್ಮ," ಎಂದ. ಆಮೇಲೆ, ಮುಕ್ತಾಯದ ಪ್ರಾರ್ಥನೆಯನ್ನು ಅವಳೇ ಮಾಡಲಿ ಎಂದು ಕೇಳಿಕೊಂಡ. ಕಡಲಿಗೆ ಹೋದವರನ್ನು ಕಾಪಾಡು ಎಂದಷ್ಟೇ ಬೇಡಿಕೊಂಡು ಸುನ್ನೇವಾ ಕೂತಳು. ಹೇರಿಯ ಮದುವೆಯ ಮಾತನ್ನು ಟ್ರೋಂಡೂರ್ ಆಮೇಲೆ ಎತ್ತಲಿಲ್ಲ.

ಮನೆಯ ದಾರಿಯಲ್ಲಿ ನಡೆದದ್ದನ್ನು ಅನಲಿನ್ ಮುಂದೊಮ್ಮೆ ನನ್ನ ಹೆಂಡತಿಗೆ ಹೇಳಿದಳು. ಅತ್ತೆಯ ತೋಳು ಹಿಡಿದು ನಡೆಯುತ್ತಿದ್ದವಳಿಗೆ ತಡೆಯಲಾಗಲಿಲ್ಲವಂತೆ.

"ಅತ್ತೆ, ಅಷ್ಟು ದೊಡ್ಡ ಮಾತಿಗೆ ನಾನು ಲಾಯಕ್ಕಲ್ಲ. ಊರಿಗೆ ಹೋಗೋಕೆ ಟಿಕೆಟ್ ತಗೊಂಡಿದ್ದೆ. ಆಮೇಲೆ ಕ್ಯಾನ್ಸಲ್ ಮಾಡ್ಸಿದೆ."

"ಗೊತ್ತು ಮಗಳೇ," ಎಂದಳು ಸುನ್ನೇವಾ. "ಶಿಲುಬೆಗೆ ಹೋಗೋ ಹಿಂದಿನ ರಾತ್ರಿ, ಗೆತ್ಸೆಮನೆ ತೋಟದಲ್ಲಿ, ಕ್ರಿಸ್ತನಿಗೂ ಇದು ಬೇಡ ಅನ್ನಿಸಿತ್ತಲ್ವಾ."

ಹೈನಿ ಹೋದ ಮೇಲೆ ಅನಲಿನ್ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅಂದು ದಾರಿಯಲ್ಲೇ ನಿಂತು ಅತ್ತಳು. ಮುದುಕಿ ಗಾಳಿಗೆ ಬೆನ್ನು ಕೊಟ್ಟು, ಅವಳ ಅಳು ನಿಲ್ಲುವವರೆಗೂ ಕಾದಳು.